ಬೀಗದ ಕೈಗೊಂಚಲಿನ ಬಿಲ್ಲೆ

ದೇರೆಬೈಲಿನ ಮನೆಯೊಂದರ ಆಶೀರ್ವಾದಕ್ಕೆ ಹೋಗಿದ್ದಾಗ, ದುಬೈಯಿಂದ ಬಂದಿದ್ದ ಮಗ ಬೀಗದ ಕೈಗೊಂಚಲಿನ ಅಲ್ಯುಮಿನಿಯಂ ಬಿಲ್ಲೆಯೊಂದನ್ನು ತೋರಿಸಿದ. ನಿವೃತ್ತ ವಿಮಾನದ ಹೊರಮೈಯಿಂದ ಕತ್ತರಿಸಿದ್ದಂತೆ. ಹಳೆಯ ಬಣ್ಣ ಇನ್ನೂ ಮಾಸಿರಲಿಲ್ಲ. "ಈ ತಗಡಿಗೆ ಇಷ್ಟೊಂದು ಹಣವೇ?" ಎಂದರು ತಾಯಿ.

ಪ್ರಿಯ ಓದುಗರೇ, ನೀವೂ ಹಾಗೆಯೇ ಕೇಳುವಿರೇನೋ. ಆದರೆ ಸಂತರ ಪವಿತ್ರ ಅವಶೇಷಗಳಿಗೆ ಮುತ್ತಿಡುವ ನಾವು ತುಸು ಯೋಚಿಸಿ ನಗಬೇಕು. 2010ರ ಮೇ 22ರಂದು ದುಬೈ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗುರುಳಿದಾಗ 158 ಮಂದಿ ಮಡಿದರು. ಬದುಕಿದವರು 8 ಮಂದಿ. ಆ ವಿಮಾನದ ಮೈಯೂ ಅಲ್ಯುಮಿನಿಯಮ್ಮಿನದೇ. ಅದರ ಚೂರನ್ನು ಯಾರಾದರೂ ಮಾರಲು ತಂದರೆ ನಿಮ್ಮ ಕೈ ಮುಂದೆ ಬಂದೀತೇ? ನನ್ನದಂತೂ ಬಾರದು.

ನಿವೃತ್ತ ವಿಮಾನದ ಬಿಲ್ಲೆಗೆ ಅಂಥ ಕಥೆಯಿಲ್ಲ. ಏರಿದವರೆಲ್ಲ ಇಳಿದು ಮನೆ ಸೇರಿದರು, ಅಷ್ಟೇ. ತಾಯಿಗೆ ಅದನ್ನೇ ಹೇಳಿದೆ. ಅವರು ಬಿಲ್ಲೆಯನ್ನು ಸೆರಗಿನಿಂದ ಒರೆಸಿ ಮಗನ ಕೈಗಿತ್ತರು.