ಅಶುಚಿಯಾದ ಶರೀರ, ಶುಚಿಯಾದ ಸಂಕಲ್ಪ

ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದೆಂದು ನಮ್ಮ ಹಿರಿಯರು ಅರ್ಥ ಹೇಳುತ್ತ ಬಂದಿದ್ದಾರೆ. ಆಹಾರತ್ಯಾಗವು ಆ ಸಾಮೀಪ್ಯಕ್ಕೆ ಸಾಧನವೇ ಹೊರತು ಅದೇ ಗುರಿಯಲ್ಲ. ಈ ಮಾತನ್ನು ಒಪ್ಪದ ಶ್ರಾವಕರು ವಿರಳ. ಆದರೆ ಉಪವಾಸ ಮಾಡುವವನು ಯಾವುದಕ್ಕೆ ಸಮೀಪನಾಗುತ್ತಿದ್ದಾನೆ, ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ನಾಲ್ವರ ಮುಂದೆ ಆಡಲು ಸಂಕೋಚವಾಗುವ ಒಂದು ವ್ಯಾಧಿಯ ನಿಮಿತ್ತವಾಗಿ ಈ ಪ್ರಶ್ನೆ ನನಗೆ ಎದುರಾಯಿತು. ಸಂಕೋಚವೇ ಇಲ್ಲಿಯ ವಿಷಯವಾದುದರಿಂದ ಅದನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ದೊಡ್ಡ ಕರುಳಿನ ಒಳಪದರವು ಹುಣ್ಣಾಗಿ ರಕ್ತ ಸ್ರವಿಸುವ ಅಲ್ಸರೇಟಿವ್ ಕೊಲೈಟಿಸ್ ಎಂಬ ರೋಗವು ಔಷಧಕ್ಕೆ ಬಗ್ಗದಿದ್ದಾಗ ಆ ಕರುಳನ್ನೇ ತೆಗೆದುಹಾಕಬೇಕಾಗುತ್ತದೆ. ಆಗ ಸಣ್ಣ ಕರುಳಿನ ಕೊನೆಯ ಭಾಗವನ್ನು ಮಡಿಸಿ ಹೊಲಿದು, ಚೀಲದಂತೆ ಮಾಡಿ, ಗುದದ್ವಾರಕ್ಕೆ ಜೋಡಿಸುತ್ತಾರೆ. ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ ಎಂಬ ವೈದ್ಯರು ಈ ವಿಧಾನವನ್ನು 1978ರಲ್ಲಿ ಪ್ರಕಟಿಸಿದರು. ಇದರಿಂದ ಹೊಟ್ಟೆಯ ಮೇಲೆ ಶಾಶ್ವತವಾಗಿ ಚೀಲ ಕಟ್ಟಿಕೊಳ್ಳುವುದು ತಪ್ಪುತ್ತದೆ. ಆದರೂ ಶರೀರವು ಮೊದಲಿನಂತಾಗುವುದಿಲ್ಲ. ದಿನಕ್ಕೆ ನಾಲ್ಕರಿಂದ ಎಂಟು ಬಾರಿ ಶೌಚಕ್ಕೆ ಹೋಗಬೇಕಾಗುತ್ತದೆ. ಎಚ್ಚರವಿರುವಾಗ ನಾವು ಬಿಗಿಹಿಡಿಯಬಲ್ಲ ಸ್ನಾಯು ನಿದ್ರೆಯಲ್ಲಿ ಸಡಿಲಗೊಳ್ಳುವುದರಿಂದ, ದ್ರವರೂಪದ ಮಲವು ಕೆಲವರಿಗೆ ರಾತ್ರಿ ಅರಿವಿಲ್ಲದೆ ಹಾಸಿಗೆಗೆ ಸೋರುತ್ತದೆ. ಚೀಲಕ್ಕೆ ಉರಿಯೂತ ಬಂದರಂತೂ ಹೊಟ್ಟೆನೋವು, ಜ್ವರ, ತಡೆಯಲಾಗದ ಅವಸರ, ಕೆಲವೊಮ್ಮೆ ರಕ್ತ ಕಾಣಿಸಿಕೊಂಡು ಸೋರಿಕೆ ಇನ್ನೂ ಹೆಚ್ಚುತ್ತದೆ. ಆ ಉರಿಯೂತಕ್ಕೆ ಮೆಟ್ರೊನಿಡಜೋಲ್ ಅಥವಾ ಸಿಪ್ರೊಫ್ಲಾಕ್ಸಸಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಎರಡು ವಾರಗಳವರೆಗೆ ಕೊಡುತ್ತಾರೆ. ಬಹುಮಂದಿಗೆ ಗುಣವಾಗುತ್ತದೆ, ಕೆಲವರಿಗೆ ಮರಳಿ ಮರಳಿ ಬರುತ್ತದೆ.

ನಾನು ಅಂತಹ ಒಬ್ಬ ರೋಗಿ. ಅರಕಲಗೂಡಿನಿಂದ ಹಾಸನದ ವೈದ್ಯರ ಬಳಿಗೆ ಬಸ್ಸಿನಲ್ಲಿ ಹೋಗಬೇಕಾದ ದಿನ ಬೆಳಗಿನಿಂದ ಏನನ್ನೂ ತಿನ್ನುತ್ತಿರಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ದಾರಿಯಲ್ಲಿ ಮಾನ ಉಳಿಯುತ್ತದೆಂಬುದು ನನ್ನ ಲೆಕ್ಕ. ಯಾರಾದರೂ ಕೇಳಿದರೆ 'ಇಂದು ಉಪವಾಸ' ಎನ್ನುತ್ತಿದ್ದೆ. ಹೀಗೆ ಹೇಳುತ್ತ ಹೇಳುತ್ತ ನಾನೇ ಅದನ್ನು ನಂಬತೊಡಗಿದೆ.

ಒಂದು ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬೆಳಗೊಳದ ದರ್ಶನಕ್ಕೆಂದು ಹೊಳೆನರಸೀಪುರದ ಮಾರ್ಗವಾಗಿ ಹೊರಟು, ಚನ್ನರಾಯಪಟ್ಟಣದಲ್ಲಿ ಮಗಳನ್ನು ಕೊಟ್ಟ ಮನೆಯಲ್ಲಿ ಎರಡು ರಾತ್ರಿ ಉಳಿಯಬೇಕಾಯಿತು. ಬೀಗರ ಮನೆಯ ಹಾಸಿಗೆ ಕೆಟ್ಟೀತೆಂಬ ಭಯದಿಂದ ಎರಡು ದಿನವೂ ನೀರನ್ನು ಸಹ ಮುಟ್ಟಲಿಲ್ಲ. ಮನೆಯವರೆಲ್ಲರೂ ನನ್ನ ನಿರ್ಜಲ ಉಪವಾಸವನ್ನು ಕೊಂಡಾಡಿದರು. ನಾನು ಆ ಹೊಗಳಿಕೆಯನ್ನು ಸ್ವೀಕರಿಸಿದೆ. ಮೂರನೆಯ ಬೆಳಿಗ್ಗೆ ಅಂಗಳದಲ್ಲಿ ತಲೆಸುತ್ತಿ ಬಿದ್ದೆ. ರಕ್ತನಾಳದ ಮೂಲಕ ಲವಣಜಲ ಏರಿಸಿದ ಮೇಲೆ ಕಣ್ಣು ತೆರೆದಾಗ ಮಗಳು ಹೇಳಿದ ಮಾತು ಇಷ್ಟೇ: 'ಅಪ್ಪಾಜಿ, ಹಾಸಿಗೆ ಒಗೆದರೆ ಆಗುತ್ತೆ. ನೀವು ಹೋದರೆ ಮತ್ತೆ ಬರ್ತೀರಾ?' ಅವಳಿಗೆ ಮೊದಲಿನಿಂದಲೂ ತಿಳಿದಿತ್ತು.

ದೇಹದ ನೀರಿನ ಬಹುಭಾಗವನ್ನು ಸಣ್ಣ ಕರುಳೇ ಹೀರಿಕೊಂಡರೂ, ದಿನಕ್ಕೆ ಸುಮಾರು ಒಂದು ಲೀಟರಿನಷ್ಟು ನೀರನ್ನೂ ಅದರೊಡನೆ ಉಪ್ಪಿನಂಶವನ್ನೂ ಉಳಿಸಿಕೊಡುವುದು ದೊಡ್ಡ ಕರುಳಿನ ಕೆಲಸ. ಅದನ್ನು ಕಳೆದುಕೊಂಡವನಿಗೆ ನಿರ್ಜಲ ಉಪವಾಸವು ಇತರರಿಗಿಂತ ಬಹು ಬೇಗ ಅಪಾಯ ತರುತ್ತದೆ ಎಂದು ವೈದ್ಯರು ವಿವರಿಸಿದರು. ಶರೀರದ ಲೆಕ್ಕ ಅಲ್ಲಿಗೆ ಮುಗಿಯಿತು. ಮನಸ್ಸಿನ ಲೆಕ್ಕ ಉಳಿಯಿತು. ನಾನು ಆಚರಿಸಿದ್ದು ವ್ರತವೇ? ಅಲ್ಲ. ಆಹಾರದ ಮೇಲಿನ ರಾಗವನ್ನು ಕಳೆಯಲು ನಾನು ಅನ್ನ ಬಿಡಲಿಲ್ಲ. ಮಾನವೆಂಬ ಕಷಾಯವನ್ನು ಪೋಷಿಸಲು ಬಿಟ್ಟೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಲ್ಲಿ ಎರಡನ್ನು, ಎಂದರೆ ಮಾನವನ್ನೂ ಅದನ್ನು ಮುಚ್ಚಿಡುವ ಮಾಯೆಯನ್ನೂ, ಉಪವಾಸದ ಹೆಸರಿನಲ್ಲಿ ಚೆನ್ನಾಗಿ ಉಣಿಸಿದ್ದೆ.

ಶಾಸ್ತ್ರವು ಈ ವಿಷಯದಲ್ಲಿ ನಮಗಿಂತ ಧೈರ್ಯವಾಗಿ ಮಾತನಾಡುತ್ತದೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಅಶುಚಿತ್ವವೂ ಒಂದು. ಶರೀರವು ಸ್ವಭಾವದಿಂದಲೇ ಅಶುಚಿಯೆಂದು ಚಿಂತಿಸುವಂತೆ ಅದು ಎಲ್ಲರಿಗೂ ಹೇಳುತ್ತದೆ, ರೋಗಿಗೆ ಮಾತ್ರವಲ್ಲ. ಆರೋಗ್ಯವಂತನು ಗ್ರಂಥದಲ್ಲಿ ಓದುವುದನ್ನು ರೋಗಿಯು ಬೆಳಗಿನ ಜಾವದಲ್ಲಿ ಕಾಣುತ್ತಾನೆ. ಇವರಿಬ್ಬರ ಶರೀರಗಳಿಗೆ ಬೇರೆ ಭೇದವಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ದೇಹದ ಮಾಲಿನ್ಯವನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿಯಿಡುವುದು ಅದರ ಲಕ್ಷಣ. ಇದಕ್ಕೆ ಉದ್ದಾಯನ ರಾಜನೇ ಪ್ರಸಿದ್ಧ ದೃಷ್ಟಾಂತ. ರೋಗಪೀಡಿತ ಮುನಿಯ ವೇಷದಿಂದ ಪರೀಕ್ಷಿಸಲು ಬಂದ ದೇವನು ಮೈಮೇಲೆಯೇ ವಾಂತಿ ಮಾಡಿದರೂ, ರಾಜನು ತನ್ನ ಆಹಾರದಾನದಲ್ಲೇ ದೋಷವಿದ್ದೀತೆಂದು ಮರುಗಿ ಸೇವೆಯನ್ನು ಮುಂದುವರಿಸಿದನು. ಈ ಕಥೆಯನ್ನು ನಾವು ಸೇವೆ ಮಾಡುವವರಿಗೆ ಹೇಳುತ್ತೇವೆ. ಸೇವೆ ಪಡೆಯುವವನೂ ಅದನ್ನು ಕೇಳಬೇಕು. ಏಕೆಂದರೆ ತನ್ನ ದೇಹಕ್ಕೆ ತಾನೇ ಹೇಸಿ ಕದ ಮುಚ್ಚಿಕೊಂಡವನು ಇತರರ ನಿರ್ವಿಚಿಕಿತ್ಸೆಗೂ ಅವಕಾಶ ಕೊಡುವುದಿಲ್ಲ. ರೋಗಿಯ ಶುಶ್ರೂಷೆಯಾದ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು; ಅನಶನವಾದರೋ ಬಹಿರಂಗ ತಪಸ್ಸು. ನಾನು ಅನ್ನ ಬಿಟ್ಟು ಮಲಗಿದ್ದಾಗ ಮಗಳಿಂದ ಅದಕ್ಕಿಂತ ಹಿರಿದಾದ ತಪಸ್ಸನ್ನು ಕಸಿಯುತ್ತಿದ್ದೆ.

ಹಾಗಾದರೆ ಇಂತಹವನು ಎಲ್ಲ ವ್ರತಗಳನ್ನೂ ಬಿಡಬೇಕೇ? ಬೇಡ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ವಿಶೇಷಣವಿದೆ. ಶಕ್ತಿಯನ್ನು ಮುಚ್ಚಿಡಲೂ ಕೂಡದು, ಮೀರಲೂ ಕೂಡದು. ರಾತ್ರಿಭೋಜನತ್ಯಾಗವು ಈ ರೋಗಿಗೆ ಭಾರವಲ್ಲ, ಉಪಕಾರ. ಮಲಗುವುದಕ್ಕೆ ಕೆಲವು ಗಂಟೆ ಮೊದಲೇ ಊಟ ಮುಗಿದರೆ ರಾತ್ರಿಯ ತೊಂದರೆ ಕಡಿಮೆಯಾಗುವುದೆಂದು ವೈದ್ಯರೂ ಹೇಳುತ್ತಾರೆ. ಹೊಟ್ಟೆ ಬಿರಿಯುವಂತೆ ಉಣ್ಣದಿರುವ ಅವಮೌದರ್ಯವೂ, ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ರಸಪರಿತ್ಯಾಗವೂ ಬಲಕ್ಕೆ ತಕ್ಕಂತೆ ಸಾಧ್ಯ. ನೀರು ಮತ್ತು ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು. ಮಾತ್ರೆಯ ವೇಳೆಯನ್ನು ಹಗಲಿಗೆ ಹೊಂದಿಸಲಾಗುವುದೇ ಎಂದು ಮೊದಲೇ ಕೇಳಬೇಕು. ಆಗದಿದ್ದರೆ ಔಷಧವನ್ನೂ ನೀರನ್ನೂ ಹೊರತುಪಡಿಸಿ ನಿಯಮ ಸ್ವೀಕರಿಸಬೇಕು. ಮೊದಲೇ ತೆರೆದು ಹೇಳಿದ ವಿನಾಯಿತಿ ಭಂಗವಲ್ಲ. ಕದ್ದು ನುಂಗಿದ ಗುಳಿಗೆಯೂ ಕದ್ದು ಮಾಡಿದ ಉಪವಾಸವೂ ಭಂಗವೇ.

ನೊಂದ ರೋಗಿಯ ಮನಸ್ಸು ಇನ್ನೊಂದು ಕಡೆಗೂ ಹರಿಯುವುದುಂಟು. ಸಲ್ಲೇಖನದ ಶಾಸನಗಳಿಂದ ತುಂಬಿದ ಚಂದ್ರಗಿರಿ ನಮ್ಮ ಜಿಲ್ಲೆಯಲ್ಲೇ ಇದೆ. 'ನನಗೂ ಅದೇ ದಾರಿ' ಎಂದು ನಾನೂ ಒಮ್ಮೆ ಯೋಚಿಸಿದೆ. ಆ ಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯಿದೆ. ಮಲ್ಲಿಷೇಣ ಮಲಧಾರಿದೇವರ ಸಮಾಧಿಮರಣದ ಸ್ಮಾರಕವಾದ ಆ ಶಾಸನವೇ ಸಮಂತಭದ್ರಾಚಾರ್ಯರು ಭಸ್ಮಕವ್ಯಾಧಿಯನ್ನು ಗೆದ್ದುದನ್ನೂ ನೆನೆಯುತ್ತದೆ. ಎಷ್ಟು ಉಂಡರೂ ಹಸಿವು ಅಡಗದ ಆ ರೋಗ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ನಿರಾಕರಿಸಿ, ಮುನಿವೇಷವನ್ನಾದರೂ ಬಿಟ್ಟು ರೋಗವನ್ನು ಗುಣಪಡಿಸಿಕೊಂಡು ಬಾ ಎಂದರೆಂದೂ ಸಂಪ್ರದಾಯ ಹೇಳುತ್ತದೆ. ಗುಣವಾದ ಮೇಲೆ ಅವರು ಪುನಃ ದೀಕ್ಷೆ ಪಡೆದರು. ಅವರದೆಂದು ನಾವು ಓದುವ ರತ್ನಕರಂಡಕ ಶ್ರಾವಕಾಚಾರವು ಪ್ರತೀಕಾರವಿಲ್ಲದ ಸಂಕಟದಲ್ಲಿ ಮಾತ್ರ ಸಲ್ಲೇಖನವನ್ನು ವಿಧಿಸುತ್ತದೆ. ಎರಡು ವಾರದ ಔಷಧಕ್ಕೆ ಇಳಿಯುವ ಉರಿಯೂತವೂ, ಒಗೆದರೆ ಹೋಗುವ ಕಲೆಯೂ ಪ್ರತೀಕಾರವಿಲ್ಲದವುಗಳಲ್ಲ. ಲಜ್ಜೆಯಿಂದ ಸಾಯಬಯಸುವುದು ದೇಹದ ಮೇಲಿನ ಮೋಹದ ಇನ್ನೊಂದು ಮುಖವೇ ಆಗಿದೆ.

ಈಗ ನಾನು ಬೀಗರ ಮನೆಗೆ ಹೋಗುವಾಗ ನನ್ನದೇ ರಬ್ಬರು ಹಾಳೆಯನ್ನೂ ಎರಡು ಜೊತೆ ಬಟ್ಟೆಯನ್ನೂ ಒಯ್ಯುತ್ತೇನೆ. ಸಂಜೆಯ ಊಟವನ್ನು ಸೂರ್ಯನಿರುವಾಗಲೇ ಮುಗಿಸುತ್ತೇನೆ. ಬೆಳಿಗ್ಗೆ ಹಾಸಿಗೆ ಕೆಟ್ಟಿದ್ದರೆ ಹೇಳುತ್ತೇನೆ. ಹಾಗೆ ಹೇಳುವುದು ಇಂದಿಗೂ ಹಸಿವಿಗಿಂತ ಕಷ್ಟವಾಗಿದೆ. ಆದ್ದರಿಂದ ಚತುರ್ದಶಿಯ ದಿನ ಜಿನಬಿಂಬದ ಮುಂದೆ ಕೈಮುಗಿದು ನಾನು ಸ್ವೀಕರಿಸುವ ನಿಯಮ ಅದೇ: ಇಂದು ಮುಚ್ಚಿಡುವುದಿಲ್ಲ. ನಮ್ಮ ನಡುವೆ ಇಂತಹ ಶ್ರಾವಕ-ಶ್ರಾವಿಕೆಯರು ಇದ್ದಲ್ಲಿ, ಅವರು ಬಸದಿಯಿಂದ ದೂರ ಉಳಿಯುವ ಮೊದಲು ಅವರ ಮನೆಯವರು ಒಂದು ಮಾತು ಕೇಳಲಿ ಎಂದು ವಿಜ್ಞಾಪಿಸುತ್ತೇನೆ.