ಇಟ್ಟುಕೊಂಡವನ ಹೊಣೆ

ಬೆಳಗಾವಿ ಜಿಲ್ಲೆಯ ಕೊಗನೊಳ್ಳಿಯ ಕಡೆ ಚಳಿಗಾಲವೆಂದರೆ ಕಬ್ಬಿನ ಹಂಗಾಮು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಕಾರ್ಖಾನೆಗಳತ್ತ ಸಾಗುತ್ತಿರುವಾಗ ಎಷ್ಟೋ ಮನೆಗಳ ಪಡಸಾಲೆಯಲ್ಲಿ, ಕೊಟ್ಟಿಗೆಯ ಮಗ್ಗುಲಲ್ಲಿ ಒಂದೊಂದು ಮೋಟರ್‌ಸೈಕಲ್ ಸುಮ್ಮನೆ ನಿಂತಿರುತ್ತದೆ. ಓಡಿಸುವ ಮಗ ಸೈನ್ಯದಲ್ಲಿರಬಹುದು, ಪುಣೆಯ ಕಂಪನಿಯಲ್ಲಿರಬಹುದು. ಇಲ್ಲಿಯ ಬೈಕುಗಳನ್ನು ಒಳಗೆ ಕೂರಿಸುವುದು ಪರವೂರಿನ ದುಡಿಮೆ. ಮೂರು ನಾಲ್ಕು ತಿಂಗಳ ಮೇಲೆ ಮರಳಿ ಬಂದು ಕಿಕ್ ಹೊಡೆದರೆ ಗಾಡಿ ಚಾಲೂ ಆಗುವುದಿಲ್ಲ. ‘ನಾನೇನೂ ಮಾಡಿಲ್ಲ, ನಿಲ್ಲಿಸಿ ಹೋಗಿದ್ದೆ ಅಷ್ಟೇ’ ಎಂಬ ಮಾತು ಗ್ಯಾರೇಜಿನಲ್ಲಿ ಹುಟ್ಟುವುದು ಆಗಲೇ. ಆಡುವವನಿಗೆ ತಿಳಿಯದಿದ್ದರೂ ಆ ಮಾತಿನ ಹಿಂದೆ ಒಂದು ಧರ್ಮವಿಚಾರ ಇದೆ: ಏನೂ ಮಾಡದವನಿಗೆ ಯಾವ ದೋಷವೂ ತಗಲದು. ಇದು ನಿಜವೇ? ನಿಜವಲ್ಲವೆಂದೂ, ಏಕಲ್ಲ ಎಂಬುದನ್ನು ಇದೇ ನೆಲದ ಜೈನ ಪರಂಪರೆ ಬಹು ನಿಖರವಾಗಿ ಯೋಚಿಸಿದೆಯೆಂದೂ ನನ್ನ ವಾದ.

ಕೊಗನೊಳ್ಳಿಯ ಸುತ್ತಲಿನ ಸೀಮೆ ಈ ಯೋಚನೆಗೆ ಹೊಸದಲ್ಲ. ವೇದಗಂಗೆ ದೂಧಗಂಗೆಯರು ಕೂಡುವ ಭೋಜ ಗ್ರಾಮ, ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರ (1872–1955) ಊರು. ಸದಲಗಾ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರದು. ಅದೇ ಸದಲಗಾದ ಆ. ನೇ. ಉಪಾಧ್ಯೆಯವರು ಕುಂದಕುಂದಾಚಾರ್ಯರ ಪ್ರವಚನಸಾರವನ್ನು 1935ರಲ್ಲಿ ಸಂಪಾದಿಸಿ ವಿದ್ವತ್ ಲೋಕದ ಮುಂದಿಟ್ಟರು. ಆ ಗ್ರಂಥದ ನಿಲುವಿನಂತೆ, ಇರುವ ಪ್ರತಿಯೊಂದು ದ್ರವ್ಯದಲ್ಲೂ ಹುಟ್ಟು, ಅಳಿವು, ನೆಲೆ ಮೂರೂ ಒಟ್ಟಿಗೆ ನಡೆಯುತ್ತಿರುತ್ತವೆ. ಬದಲಾಗದೆ ಕ್ಷಣಕಾಲವಾದರೂ ಉಳಿಯುವ ವಸ್ತು ಎಂಬುದೇ ಇಲ್ಲ. ನಿಂತ ಗಾಡಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಟ್ಯಾಂಕಿನ ಪೆಟ್ರೋಲಿನಲ್ಲಿ ಬೇಗ ಆರಿಹೋಗುವ ಹಗುರ ಅಂಶ ಮೊದಲು ಹೋಗುತ್ತದೆ. ಗಾಡಿ ಥಟ್ಟನೆ ಚಾಲೂ ಆಗಬೇಕಾದರೆ ಬೇಕಾದದ್ದು ಅದೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿ, ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಸಣ್ಣ ಜೆಟ್ಟನ್ನು ಮುಚ್ಚುತ್ತದೆ. ಬ್ಯಾಟರಿ ತನ್ನಷ್ಟಕ್ಕೇ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಮುಂದೆ ಚಾರ್ಜ್ ಹಿಡಿಯುವುದೇ ಕಷ್ಟ. ಹಳೆಯ ಇಂಜಿನ್ ಆಯಿಲಿನಲ್ಲಿ ಸೇರಿದ ಆಮ್ಲ ಒಳಗಿನ ಲೋಹವನ್ನು ತಿನ್ನುತ್ತದೆ. ಒಂದೇ ಮಗ್ಗುಲಿಗೆ ಭಾರ ಬಿದ್ದ ಟೈರು ಅಲ್ಲೇ ಚಪ್ಪಟೆಯಾಗುತ್ತದೆ. ಇನ್ನು ಎಥೆನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಕಾಗವಾಡ ತಾಲೂಕಿನ ಉಗಾರದಂಥ ಕಾರ್ಖಾನೆಗಳು ಸಕ್ಕರೆಯ ಜೊತೆ ಎಥೆನಾಲನ್ನೂ ತೆಗೆಯುತ್ತವೆ. ಹೀಗೆ ಈ ಸೀಮೆಯ ಕಬ್ಬೇ ಪೆಟ್ರೋಲಿನೊಳಗೆ ಬೆರೆಯುತ್ತದೆ. ಎಥೆನಾಲಿಗೆ ಗಾಳಿಯ ತೇವವನ್ನು ಹೀರುವ ಗುಣ. ಮಿತಿ ಮೀರಿ ನೀರು ಸೇರಿದರೆ ನೀರು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಇಂಜಿನ್ನಿಗೆ ಹೋಗುವ ಕೊಳವೆ ಹೀರುವುದು ಆ ತಳದಿಂದಲೇ. ಬೀಗ ಹಾಕಿ ಹೋದವನು ಬದಲಾವಣೆಯನ್ನು ನಿಲ್ಲಿಸಲಿಲ್ಲ, ನೋಡುವುದನ್ನು ಮಾತ್ರ ನಿಲ್ಲಿಸಿದ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದೂ ಜೈನ ತರ್ಕದಿಂದಲೇ. ಗಾಡಿ ಅಜೀವ, ಬರೀ ಪುದ್ಗಲ, ಅಂದರೆ ಜಡದ್ರವ್ಯ. ಅದಕ್ಕೆ ನೋವಿಲ್ಲ, ಹಸಿವಿಲ್ಲ. ತುಕ್ಕು ಹಿಡಿದರೆ ದುಡ್ಡಿನ ನಷ್ಟವಾದೀತೇ ಹೊರತು ಧರ್ಮದ ಪ್ರಶ್ನೆ ಎಲ್ಲಿಂದ ಬಂತು? ಕಬ್ಬಿಣಕ್ಕೆ ನಾವೇನೂ ಸಲ್ಲಿಸಬೇಕಿಲ್ಲ, ಒಪ್ಪಿದೆ. ಆದರೆ ಆ ಕಬ್ಬಿಣ ಜೀವಿಗಳ ನಡುವೆ ನಿಂತಿದೆ, ಮುಂದೆ ಜೀವಿಗಳ ನಡುವೆಯೇ ಓಡಲಿದೆ. ಸೈಲೆನ್ಸರಿನ ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು, ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಮರಿ ಹಾಕಿರಬಹುದು. ನೋಡದೆ ಚಾಲೂ ಮಾಡಿದವನು ಅವುಗಳನ್ನು ಕೊಲ್ಲುತ್ತಾನೆ. ತುಕ್ಕು ಹಿಡಿದ ಬ್ರೇಕಿನ ಗಾಡಿ ಸಂಜೆಗತ್ತಲಲ್ಲಿ ಹೆದ್ದಾರಿ 48ಕ್ಕೆ ಏರಿ, ಹಿಂದೀಪವಿಲ್ಲದ ಕಬ್ಬಿನ ಟ್ರೇಲರಿನ ಬೆನ್ನು ಹತ್ತಿದರೆ ಏನಾದೀತೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ವೇಳೆ ಏನೂ ಆಗಲಿಲ್ಲ ಅನ್ನೋಣ. ಕುಂದಕುಂದರ ಉತ್ತರ ಈ ಜಾಗದಲ್ಲಿ ಬಹಳ ಗಟ್ಟಿಯಾಗಿದೆ: ಎಚ್ಚರಗೇಡಿಯಾಗಿ ನಡೆದವನಿಂದ ಯಾವ ಪ್ರಾಣಿಗೂ ಪೆಟ್ಟಾಗದಿದ್ದರೂ ಹಿಂಸೆಯ ದೋಷ ಅವನಿಗೆ ಖಚಿತ, ಎಚ್ಚರದಿಂದ ನಡೆದವನಿಗೆ ಬರೀ ಪ್ರಾಣಹಾನಿಯಿಂದಲೇ ಕರ್ಮಬಂಧವಿಲ್ಲ. ದೋಷ ಇರುವುದು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ. ಅದೃಷ್ಟಕ್ಕೆ ಬ್ರೇಕ್ ಹತ್ತಿತೆಂದರೆ ಪ್ರಮಾದ ಇಲ್ಲದೆ ಹೋಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು, ಇದಕ್ಕೆ ಹೆಚ್ಚು ಗೌರವ ಸಲ್ಲಬೇಕು. ತತ್ತ್ವಾರ್ಥಸೂತ್ರದ ಉಮಾಸ್ವಾತಿಗಳು ಪರಿಗ್ರಹವನ್ನು, ಅಂದರೆ ತನ್ನದೆಂದು ಇಟ್ಟುಕೊಳ್ಳುವುದನ್ನು, ವಸ್ತುಗಳ ಲೆಕ್ಕದಿಂದ ಅಳೆಯಲಿಲ್ಲ, ಮನಸ್ಸಿನ ಅಂಟಿನಿಂದ ಅಳೆದರು. ಹಾಗಿದ್ದರೆ ಯಂತ್ರವನ್ನು ಒರೆಸು, ಎಣ್ಣೆ ಬಿಡು, ಬ್ಯಾಟರಿಯ ಚಿಂತೆ ಮಾಡು ಎನ್ನುವುದು ಆ ಅಂಟನ್ನೇ ಬೆಳೆಸಿದಂತಲ್ಲವೇ? ಗಾಡಿಗೊಂದು ಗೀರು ಬಿದ್ದರೆ ಊಟ ಬಿಡುವ ಹುಡುಗರನ್ನು ಕಂಡಾಗ ಈ ಅಂಜಿಕೆ ಸುಳ್ಳಲ್ಲ ಅನಿಸುತ್ತದೆ. ಆದರೆ ಎಲ್ಲವನ್ನೂ ಬಿಟ್ಟ ದಿಗಂಬರ ಮುನಿಯನ್ನೇ ನೋಡಿ. ಅವರ ಬಳಿ ಉಳಿಯುವುದು ನವಿಲುಗರಿಯ ಪಿಂಛಿ, ಕಮಂಡಲು, ಶಾಸ್ತ್ರ. ಆ ಮೂರನ್ನೂ ಎತ್ತುವಾಗ ಇಡುವಾಗ ಜಾಗವನ್ನು ನೋಡಿ, ಪಿಂಛಿಯಿಂದ ಮೆಲ್ಲನೆ ಗುಡಿಸಿ ಇಡಬೇಕೆಂಬುದು ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಿಯಮಗಳಲ್ಲಿ, ಒಂದಾದ ಆದಾನನಿಕ್ಷೇಪಣ ಸಮಿತಿ. ಸವೆದ ಪಿಂಛಿಯನ್ನು ಚಾತುರ್ಮಾಸ ಮುಗಿದ ಮೇಲೆ ಬದಲಿಸುತ್ತಾರೆ. ನವಿಲುಗರಿ ಒರಟಾದರೆ ಸೂಕ್ಷ್ಮ ಜೀವಿಗೆ ನೋವಾಗುತ್ತದೆ. ಅಂದರೆ ಏನನ್ನೂ ತನ್ನದೆನ್ನದವರೇ ಕೈಯಲ್ಲಿರುವ ವಸ್ತುವಿನ ಸ್ಥಿತಿಯನ್ನು ಎಲ್ಲರಿಗಿಂತ ಹೆಚ್ಚು ಗಮನಿಸುತ್ತಾರೆ. ಅಂಟು ‘ಇದು ನನ್ನದು’ ಎಂದು ಹಿಗ್ಗುತ್ತದೆ. ಎಚ್ಚರ ‘ಇದರಿಂದ ಯಾರಿಗೆ ಏನಾದೀತು’ ಎಂದು ಕೇಳುತ್ತದೆ. ಒರೆಸುವ ಬಟ್ಟೆ ಒಂದೇ ಇರಬಹುದು, ಪ್ರಶ್ನೆಗಳು ಬೇರೆ ಬೇರೆ.

ಒಳ್ಳೆಯ ಮೆಕ್ಯಾನಿಕ್ ನಿಂತ ಗಾಡಿಯನ್ನು ಎಬ್ಬಿಸುವ ಕ್ರಮದಲ್ಲೂ ಇದೇ ಪ್ರಶ್ನೆಯಿದೆ. ಅವನು ಬಂದ ಕೂಡಲೇ ಕಿಕ್ ಹೊಡೆಯುವುದಿಲ್ಲ. ಮೊದಲು ಸುತ್ತು ಹಾಕಿ ನೋಡುತ್ತಾನೆ: ಅಡಿಯಲ್ಲಿ ಎಣ್ಣೆ ಸೋರಿದೆಯೇ, ವೈರನ್ನು ಇಲಿ ಕಡಿದಿದೆಯೇ, ಗೂಡು ಕಟ್ಟಿದೆಯೇ. ಟೈರಿಗೆ ಗಾಳಿ ತುಂಬಿ, ಗಾಡಿಯನ್ನು ತಳ್ಳಿ ಬ್ರೇಕ್ ಹಿಡಿಯುತ್ತದೋ ಬಿಡುತ್ತದೋ ಪರೀಕ್ಷಿಸುತ್ತಾನೆ. ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜಿಗೆ ಹಾಕುತ್ತಾನೆ. ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಾನೆ. ವಾರ್ನಿಶಿನ ಹುಳಿವಾಸನೆ ಬಂದರೆ ಹಳೆಯ ಪೆಟ್ರೋಲು ಖಾಲಿಯಾಗಬೇಕು, ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಶುಚಿಯಾಗಬೇಕು. 2020ರ ಏಪ್ರಿಲಿನಲ್ಲಿ ಬಿಎಸ್6 ನಿಯಮ ಬಂದ ಮೇಲಿನ ಬಹುಪಾಲು ಗಾಡಿಗಳಲ್ಲಾದರೆ ಫ್ಯುಯೆಲ್ ಪಂಪು, ಇಂಜೆಕ್ಟರುಗಳ ಕಡೆ ಕಣ್ಣು ಹೋಗುತ್ತದೆ. ಪ್ಲಗ್ ಬಿಚ್ಚಿ ಕಿಡಿ ಬರುತ್ತಿದೆಯೇ ನೋಡುವುದು ಆಮೇಲೆ. ನಿಲ್ಲಿಸುವಾಗಲೇ ಆಯಿಲ್ ಬದಲಿಸಿ, ತೇವಗಾಳಿಗೆ ಎಡೆ ಉಳಿಯದಂತೆ ಟ್ಯಾಂಕ್ ತುಂಬಿಸಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಹರಿಸಿ, ಬ್ಯಾಟರಿಯ ತಂತಿ ಕಳಚಿ, ಚೈನಿಗೆ ಎಣ್ಣೆ ಹಚ್ಚಿ, ಡಬಲ್ ಸ್ಟ್ಯಾಂಡ್ ಹಾಕಿದ್ದರೆ ಇದರಲ್ಲಿ ಬಹುಪಾಲು ಕೆಲಸ ತಪ್ಪುತ್ತಿತ್ತು. ನೋಡಿ ಹೆಜ್ಜೆ ಇಡಬೇಕೆನ್ನುವ ಈರ್ಯಾ ಸಮಿತಿಗೂ ಈ ಕ್ರಮಕ್ಕೂ ಇರುವ ನಂಟು ನನಗೆ ಕಾಕತಾಳೀಯವಾಗಿ ಕಾಣುವುದಿಲ್ಲ. ಎರಡರಲ್ಲೂ ನೋಟ ಮೊದಲು, ಚಲನೆ ಆಮೇಲೆ.

‘ನಾವು ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಇಡ್ತೀವಿ’, ‘ಖಂಡೇನವಮಿಗೆ ತೊಳೆದು, ಹಾರ ಹಾಕಿ, ಲಿಂಬಿಹಣ್ಣು ಇಟ್ಟು ಪೂಜೆ ಮಾಡ್ತೀವಿ’ ಎನ್ನುವ ಮನೆಗಳೂ ಉಂಟು. ಪೂಜೆಯನ್ನು ನಾನು ಹಗುರವಾಗಿ ಕಾಣಲಾರೆ. ವರ್ಷಕ್ಕೊಮ್ಮೆ ಗಾಡಿಯ ಸಂದುಗೊಂದಿಗೆಲ್ಲ ಕೈ ಹೋಗುವ ದಿನ ಅದೊಂದೇ ಆಗಿರಬಹುದು. ಆದರೆ ಐದು ನಿಮಿಷದ ಚಾಲನೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಇಂಜಿನ್ ಪೂರ್ತಿ ಕಾಯದಿದ್ದರೆ ಆ ಆವಿ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರಾಗಿ ಕೂತು ತುಕ್ಕಿಗೆ ದಾರಿ ಮಾಡುತ್ತದೆ. ಸೆಲ್ಫ್ ಸ್ಟಾರ್ಟಿಗೆ ಬ್ಯಾಟರಿ ಕೊಟ್ಟಷ್ಟು ಚಾರ್ಜು ಮರಳುವುದೂ ಇಲ್ಲ. ಓಡಿಸುವುದಾದರೆ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು, ಇಲ್ಲವಾದರೆ ಸರಿಯಾಗಿ ಮಲಗಿಸಬೇಕು. ಮಾಡಿದೆನೆಂಬ ಸಮಾಧಾನಕ್ಕಾಗಿ ಮಾಡಿದ ಕ್ರಿಯೆಯೂ ಪ್ರಮಾದವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ತೋಚದು.

ಉಳಿದದ್ದು ಬಡವನ ಮಾತು: ದುಡಿಯಲು ದೂರ ಹೋದವನಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ? ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಅವನ ಮುಂದೆ ತಾನೇ ಎದುರು ನಿಂತು ನೋಡಿಕೊಳ್ಳುವ ದಾರಿಯೊಂದೇ ಇರುವುದಿಲ್ಲ. ಬಳಸುವ ತಮ್ಮನಿಗೋ ಕಾಕಾನಿಗೋ ಕೀಲಿಯ ಜೊತೆ ಹೊಣೆಯನ್ನೂ ಒಪ್ಪಿಸಬಹುದು. ಮರಳುವುದು ಖಾತ್ರಿಯಿಲ್ಲದಿದ್ದರೆ ಮಾರಿಬಿಡಬಹುದು. ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣ ವ್ರತ ಇಟ್ಟುಕೊಳ್ಳುವುದಕ್ಕೊಂದು ಮಿತಿ ಕೇಳುತ್ತದೆ. ನಾನು ಅದನ್ನು ಓದಿಕೊಳ್ಳುವುದು ಹೀಗೆ: ನೋಡಿಕೊಳ್ಳಲು ಆಗುವಷ್ಟನ್ನೇ ಇಟ್ಟುಕೋ. ಮಾರುವುದಾದರೂ ಪೂರ್ತಿ ಮಾರಬೇಕು. ಆರ್‌ಸಿ ಹಳೆಯ ಹೆಸರಿನಲ್ಲೇ ಉಳಿದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅವನು ಆ ಗಾಡಿಯನ್ನು ವರ್ಷಗಳಿಂದ ಕಣ್ಣಾರೆ ನೋಡಿರದಿದ್ದರೂ ಸರಿಯೇ.