ಅವಸರವಿಲ್ಲದ ಕೈಗಳು

ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು, ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕುಳಿತರೆ ನನಗೆ ಯಾರ ಮಾತೂ ಬೇಡವೆನಿಸುತ್ತದೆ. ಆರು ಪೀರಿಯಡ್ ಕೂಗಿ ಒಣಗಿದ ಗಂಟಲು, ಮಕ್ಕಳ ಗದ್ದಲ ತುಂಬಿದ ಕಿವಿ. ಟೀವಿ ಹಾಕಿದರೆ ಅಲ್ಲಿಯೂ ಕೂಗಾಟವೇ. ಧಾರಾವಾಹಿಯ ಅತ್ತೆ ಸೊಸೆಯರಿಗೆ ಒಬ್ಬರಿಗೊಬ್ಬರು ವಿಷ ಹಾಕುವ ಆತುರ. ವಾರ್ತೆ ಓದುವವರಿಗೆ ಮನೆಗೆ ಬೆಂಕಿ ಬಿದ್ದಷ್ಟು ಗಾಬರಿ. ರಜಕ್ಕೆ ಬಂದಿದ್ದ ಮಗಳು ಒಂದು ದಿನ ನನ್ನ ಮೊಬೈಲಿನಲ್ಲಿ ಯೂಟ್ಯೂಬ್ ತೆರೆದು, "ಅಮ್ಮ, ಇದನ್ನು ನೋಡು. ಇಲ್ಲಿ ಯಾರೂ ಕೂಗುವುದಿಲ್ಲ" ಎಂದಳು.

ಅದು ಚೀನಾದ ಸಿಚುವಾನ್ ಪ್ರಾಂತ್ಯದ ಲಿ ಝಿಚಿ ಎಂಬ ಹೆಣ್ಣುಮಗಳ ಚಾನೆಲ್. ಬೀಜ ಬಿತ್ತುವುದು, ಬೆಳೆದದ್ದನ್ನು ಕೊಯ್ಯುವುದು, ಒಲೆ ಹೊತ್ತಿಸಿ ಅಡುಗೆ ಮಾಡಿ ಅಜ್ಜಿಗೆ ಬಡಿಸುವುದು, ಇಷ್ಟೇ. ಮಾತು ಬಹಳ ಕಡಿಮೆ. ನೀರಿನ ಸದ್ದು, ಕತ್ತಿಯ ಸದ್ದು, ಹಕ್ಕಿಯ ಸದ್ದು. 2021ರಲ್ಲಿ ನಿಲ್ಲಿಸಿದ್ದವಳು 2024ರ ನವೆಂಬರಿನಲ್ಲಿ ಮತ್ತೆ ಕಾಣಿಸಿಕೊಂಡಾಗ, ದೂರದ ನೆಂಟರ ಹುಡುಗಿಯೊಬ್ಬಳು ಊರಿಗೆ ಬಂದಳೇನೋ ಎಂಬಂತೆ ನಾನು ಸಂತೋಷಪಟ್ಟೆ!

ಆಮೇಲೆ ಒಂದೊಂದಾಗಿ ಹುಡುಕಿಕೊಂಡೆ. ಆಸ್ಟ್ರೇಲಿಯಾದ ಜಾನ್ ಪ್ಲಾಂಟ್ ಎಂಬಾತ 2015ರಿಂದ 'ಪ್ರಿಮಿಟಿವ್ ಟೆಕ್ನಾಲಜಿ' ಎಂಬ ಚಾನೆಲ್ ನಡೆಸುತ್ತಿದ್ದಾನೆ. ಬರಿಗೈಯಲ್ಲಿ ಮಣ್ಣು ಕಲಸಿ, ಹೆಂಚು ಸುಟ್ಟು, ಗುಡಿಸಲು ಕಟ್ಟುತ್ತಾನೆ. ಒಂದು ಮಾತೂ ಆಡುವುದಿಲ್ಲ. ನಾರ್ವೆಯ ಸರ್ಕಾರಿ ಟೀವಿ 2009ರಲ್ಲಿ ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿನ ಪ್ರಯಾಣವನ್ನು ಪೂರ್ತಿಯಾಗಿ, ಏಳು ಗಂಟೆಗೂ ಮೀರಿ ತೋರಿಸಿತು. ಆ ರೈಲು ಮಾರ್ಗಕ್ಕೆ ನೂರು ವರ್ಷ ತುಂಬಿದ ಸಂದರ್ಭವದು. ಹಳಿ, ಹಿಮ, ಸುರಂಗ, ಮತ್ತೆ ಹಳಿ. ಅಲ್ಲಿಯ ಜನ ಅದನ್ನು ಎಷ್ಟು ಮೆಚ್ಚಿದರೆಂದರೆ 2011ರಲ್ಲಿ ಒಂದು ಹಡಗಿನ ಪ್ರಯಾಣವನ್ನು 134 ಗಂಟೆಗಳ ಕಾಲ ನೇರ ಪ್ರಸಾರ ಮಾಡಿದರು. ನಮ್ಮ ನೆರೆಯ ಆಂಧ್ರದ ಮಸ್ತಾನಮ್ಮ ನಿಮಗೂ ಗೊತ್ತಿರಬಹುದು. ನೂರು ದಾಟಿದ ಆ ಅಜ್ಜಿ ಸೌದೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಲ್ಲಂಗಡಿ ಹಣ್ಣಿನೊಳಗೆ ಕೋಳಿ ಬೇಯಿಸಿದವರು. ಮರಿಮೊಮ್ಮಗನೂ ಅವನ ಗೆಳೆಯನೂ ಸೇರಿ ಅದನ್ನೆಲ್ಲ ಚಿತ್ರೀಕರಿಸಿದ್ದರು. 2018ರ ಡಿಸೆಂಬರಿನಲ್ಲಿ ಅಜ್ಜಿ ತೀರಿಕೊಂಡರೂ ಆ ಕೈಗಳನ್ನು ಇಂದಿಗೂ ನೋಡಬಹುದು.

ಹೀಗೆ ನೋಡುತ್ತ ಕೂರುವುದು ಸೋಮಾರಿತನವೇ? ಮೊದಮೊದಲು ನನಗೂ ಅಳುಕಿತ್ತು. ಹೆಂಗಸು ಸುಮ್ಮನೆ ಕೂರುವುದನ್ನು ನಮ್ಮ ಮನೆಗಳು ಎಂದೂ ಒಪ್ಪಿದ್ದಿಲ್ಲ. ಅದಕ್ಕೇ ನಮ್ಮ ಹಿರಿಯರು ವಿಶ್ರಾಂತಿಯನ್ನೂ ಕೆಲಸದ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಹೂ ಕಟ್ಟುವುದು, ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು... ಕೈಗೆ ಕೆಲಸ, ಮನಸ್ಸಿಗೆ ಬಿಡುವು. ನಮಗೆ ಆ ಕೆಲಸಗಳು ಕೈಬಿಟ್ಟವು, ಬಿಡುವೂ ಕೈಬಿಟ್ಟಿತು. ಅರ್ಧ ಗಂಟೆ ಕಣ್ಣಿಗೆ ತಂಪಾದದ್ದನ್ನು ನೋಡಿದರೆ ಯಾವ ಪಾಪವೂ ಇಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಆ ತೀರ್ಪನ್ನು ಮತ್ತೆ ವಿಚಾರಣೆಗೆ ತಂದವರು ನಮ್ಮತ್ತೆ.

ಅವರೆಕಾಯಿಯ ಕಾಲ. ಅತ್ತೆ ರಾತ್ರಿ ನೆನೆಹಾಕಿದ್ದ ಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದರು. ವಯಸ್ಸು ಎಂಬತ್ತೆರಡು, ಕೈ ನಡುಗುತ್ತದೆ. ಒಂದು ಕಾಳು ಹಿಡಿದು ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಬಟ್ಟಲಿಗೆ ಬೀಳದೆ ಬಾಗಿಲ ಕಡೆ ಚಿಮ್ಮುತ್ತದೆ. ಅದನ್ನು ಹುಡುಕಿ ತರಲು ಎದ್ದರೆ ಮತ್ತೈದು ನಿಮಿಷ. ನಾನು ಪಕ್ಕದ ಕೋಣೆಯಿಂದಲೇ ಕೂಗಿದೆ: "ಇನ್ನೂ ಆಗಲಿಲ್ಲವೇ ಅತ್ತೆ? ಬಿಡಿ, ನಾಳೆ ಮಾರ್ಕೆಟ್ಟಿನಿಂದ ಹಿತುಕಿದ ಬೇಳೆಯನ್ನೇ ತಂದರಾಯಿತು." ಹೀಗೆ ಹೇಳಿ ಮೊಬೈಲಿನತ್ತ ತಿರುಗಿದೆ. ಅಲ್ಲಿ ಲಿ ಝಿಚಿಯ ಅಜ್ಜಿ ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದಳು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಅಲ್ಲ ಕಣಮ್ಮ, ಆ ಅಜ್ಜಿಗೆ ಯಾರೂ ಬೇಗ ಬೇಗ ಅನ್ನಲ್ವಲ್ಲ. ಪುಣ್ಯವಂತೆ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಚಿತ್ರಗಳಲ್ಲಿ ನನಗೆ ತಂಪೆರೆಯುತ್ತಿದ್ದುದು ಏನು? ನಿಧಾನ ಎಂದುಕೊಂಡಿದ್ದೆ. ನಿಧಾನವನ್ನೇ ನೋಡಬೇಕೆಂದಿದ್ದರೆ ನಮ್ಮ ಅಡುಗೆಮನೆಯಲ್ಲೇ ಇತ್ತಲ್ಲ! ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳಿ ಜಾರಿಕೊಳ್ಳಬಹುದು. ಆದರೆ ಕಾರಣ ಬೇರೆಯೇ ಇದೆ ಎನ್ನಿಸಿತು. ಪರದೆಯ ಮೇಲಿನ ನಿಧಾನ ನನ್ನಿಂದ ಏನನ್ನೂ ಕೇಳುವುದಿಲ್ಲ. ಅದರಿಂದ ನನ್ನ ಸಾರು ತಡವಾಗುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಅಲ್ಲದೆ ಅದು ಅರ್ಧ ಸುಳ್ಳು ಕೂಡ. ಬಿತ್ತಿ, ಕಾದು, ಕೊಯ್ದ ತಿಂಗಳುಗಳನ್ನು ಕತ್ತರಿಸಿ ಹತ್ತು ಹದಿನೈದು ನಿಮಿಷ ಮಾಡಿರುತ್ತಾರೆ. ಕಾಯುವ ಬೇಸರವೆಲ್ಲ ಅವಳದು, ನೋಡುವ ಸುಖ ಮಾತ್ರ ನನ್ನದು. ಮನೆಯವರ ನಿಧಾನಕ್ಕೆ ನಾವು ನಮ್ಮ ಸಮಯವನ್ನೇ ತೆರಬೇಕು.

ತರಗತಿಯಲ್ಲಿಯೂ ನಾನು ಅದೇ ಹೆಂಗಸು. ಕೊನೆಯ ಬೆಂಚಿನ ಹುಡುಗನೊಬ್ಬ ಅಕ್ಷರಗಳನ್ನು ಮುತ್ತಿನಂತೆ ಬರೆಯುತ್ತಾನೆ, ಆದರೆ ಮೆಲ್ಲಗೆ. "ಬೋರ್ಡ್ ಅಳಿಸುತ್ತೇನೆ, ಬೇಗ!" ಎಂದು ಎಷ್ಟು ಸಲ ಗದರಿಲ್ಲ? ಪಾಠ ಮುಗಿಸಬೇಕು, ನಿಜ. ಆದರೆ ಅವನು ಮೊಬೈಲಿನಲ್ಲಿ ಹಾಗೆ ಬರೆದಿದ್ದರೆ ಬಾಯಿ ತೆರೆದು ನೋಡುತ್ತಿದ್ದೆನೇನೋ.

ನಿಧಾನ ಎನ್ನುವುದು ಒಬ್ಬರೇ ಗಳಿಸಿಕೊಳ್ಳುವ ಗುಣವಲ್ಲ, ಸುತ್ತಲಿನವರು ಕೊಡಬೇಕಾದದ್ದು. ಮಸ್ತಾನಮ್ಮನ ಕೈಗಳಷ್ಟೇ ಅವುಗಳನ್ನು ನೋಡುತ್ತ ನಿಂತ ಮರಿಮೊಮ್ಮಗನ ತಾಳ್ಮೆಯೂ ದೊಡ್ಡದೆಂದು ಈಗ ನನಗನ್ನಿಸುತ್ತದೆ.

ನಾನು ಆ ಚಾನೆಲ್‌ಗಳನ್ನು ಬಿಟ್ಟಿಲ್ಲ. ನೀವೂ ನೋಡಿ ಎಂದೇ ಹೇಳುತ್ತೇನೆ. ದಣಿದ ಹೆಂಗಸಿಗೆ ವಿಶ್ರಾಂತಿ ಬೇಕು. ಯಾರ ಅಪ್ಪಣೆಯೂ ಇಲ್ಲದೆ ಬೇಕು. ಆದರೆ ಒಂದು ಮುಗಿದೊಡನೆ ಇನ್ನೊಂದು ತಾನೇ ಓಡತೊಡಗುವ ಆಟೋಪ್ಲೇಯನ್ನು ನಿಲ್ಲಿಸಿಡಿ. ಅದು ಇದ್ದರೆ ನಿಧಾನದ ಚಿತ್ರವೂ ಅವಸರದ ಚಿತ್ರದಂತೆಯೇ ಸಂಜೆಯನ್ನು ನುಂಗುತ್ತದೆ.

ಮುಂದಿನ ಭಾನುವಾರ ಅತ್ತೆಯ ಜೊತೆ ಕಾಳು ಹಿತುಕಲು ಕುಳಿತೆ. ಒಂದು ಬಟ್ಟಲು ತುಂಬಲು ಎರಡು ಗಂಟೆ ಹಿಡಿಯಿತು. ನಾನು ಎರಡು ಸಲ ಗಡಿಯಾರ ನೋಡಿದೆ, ಒಂದು ಸಲ ಸಿಡುಕಿದೆ. ಅಷ್ಟರಲ್ಲಿ ಅತ್ತೆ ತಮ್ಮ ತವರಿನ ಅವರೆ ಹೊಲದ ಕಥೆ ಶುರುಮಾಡಿದ್ದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾನದನ್ನು ಕೇಳಿರಲಿಲ್ಲ. ಬೇಳೆಯೊಂದು ಚಿಮ್ಮಿ ಬಾಗಿಲ ಕಡೆ ಹೋಯಿತು. ಈ ಸಲ ನಾನೇ ಎದ್ದೆ.